‘ರೋಗಿಯ ಅಸಹಕಾರ’ ಎಂಬ ಸಾಲು

ಚಾಮರಾಜನಗರ
ಗುರುವಾರ

ಡಾ. ಸುದರ್ಶನ ಸರ್ ಅವರಿಗೆ ವಂದನೆಗಳು.

ಉಡಿಗಾಲದ ಶಾಂತಮಲ್ಲಮ್ಮನವರ ಪ್ರಕರಣದ ವರದಿಯನ್ನು ತಾವು ಕಲಿಸಿದ ಕ್ರಮದಲ್ಲೇ ಬರೆದಿದ್ದೇನೆ. ಹೆಸರು ತೆಗೆದು ‘ಅರವತ್ತೆಂಟು ವರ್ಷದ ಮಹಿಳೆ’ ಎಂದಿದ್ದೇನೆ. ‘ನಾವು’ ಎಂಬ ಪದ ಎಲ್ಲೂ ಇಲ್ಲ. ಆದರೆ ತಾವು ಹೇಳಿದಂತೆ, ಎಕ್ಸ್‌ರೇ ತಪ್ಪಾಗಲು ಕಾರಣ ‘ರೋಗಿಯ ಅಸಹಕಾರ’ ಎಂದು ಮಾತ್ರ ಬರೆಯಲಾರೆ.

ಆರೋಗ್ಯ ಶಿಬಿರದಲ್ಲಿ ಎಕ್ಸ್‌ರೇಗೆ ಮುಂಚೆ ಲೋಹದ್ದೆಲ್ಲ ತೆಗೆಯಿರಿ ಎಂದಿದ್ದೆವು. ಅವರು ಸರ, ಬಳೆ, ಲಿಂಗದ ಬೆಳ್ಳಿ ಕರಡಿಗೆಯನ್ನೂ ಸೊಸೆಯ ಕೈಗೆ ಕೊಟ್ಟರು. ಕಲ್ಲಿನ ಇಷ್ಟಲಿಂಗವನ್ನು ಮೈಯಿಂದ ದೂರ ಮಾಡುವಂತಿಲ್ಲವಾದ್ದರಿಂದ ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡರು. ಆ ದುಂಡನೆಯ ನೆರಳನ್ನೇ ನಾವು ಗಡ್ಡೆ ಎಂದೆವು. ನಿನ್ನೆ ಸ್ಟೆತಾಸ್ಕೋಪ್ ಇಡುವಾಗ ಆ ಗಂಟು ನನ್ನ ಕೈಗೆ ತಗುಲಿತು.

“ಬೆಳ್ಳಿ ಬಂಗಾರ ತಗೀರಿ ಅಂದ್ರಿ, ತಗ್ದೆ ಕಣವ್ವ. ಲಿಂಗದ ಇಚಾರ ಯಾರ್ ಕೇಳುದ್ರಿ?” ಎಂದರು.

ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡು ಮತ್ತೆ ಎಕ್ಸ್‌ರೇ ತೆಗೆಸಿಕೊಂಡರು. ಎದೆಯಲ್ಲಿ ಏನೂ ಇಲ್ಲ.

ವರದಿಯ ಮಾದರಿಯಲ್ಲಿ ಜಾಗವಿಲ್ಲದ ಇನ್ನೊಂದು ವಿಷಯವಿದೆ. ಗಡ್ಡೆಯ ಸುದ್ದಿ ಕೇಳಿ, ಅಜ್ಜಿ ಕಣ್ಣಾರೆ ನೋಡಲಿ ಎಂದು ಮೊಮ್ಮಗಳು ಶಿವರಂಜನಿಯ ಓದು ಬಿಡಿಸಿ ಮದುವೆ ಮಾಡಿಬಿಟ್ಟಿದ್ದಾರೆ. ಸೋಮವಾರದಿಂದ ಅವಳ ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ. ಗುಂಡ್ಲುಪೇಟೆಯ ಗಂಡನ ಮನೆಯವರು ಕಳಿಸಲು ಒಪ್ಪುತ್ತಿಲ್ಲ. “ದೊಡ್ಡ ಡಾಕ್ಟ್ರು ಹೇಳ್ಲಿ, ಆಮೇಲ್ ನೋಡನ” ಎನ್ನುತ್ತಾರೆ ಮಾವ.

ದಯವಿಟ್ಟು ತಾವೇ ಅವರಿಗೊಂದು ಫೋನ್ ಮಾಡಿ, ಗಡ್ಡೆ ಇಲ್ಲ, ಹುಡುಗಿಯನ್ನು ಪರೀಕ್ಷೆಗೆ ಕಳಿಸಿ ಎಂದು ಹೇಳಿ. ನಂಬರ್ ಹಿಂಬದಿಯಲ್ಲಿದೆ. ಗಡ್ಡೆ ಇದೆ ಎಂದಾಗ ತಮ್ಮನ್ನು ನಂಬಿದ ಜನ, ಇದನ್ನೂ ನಂಬುತ್ತಾರೆ.

ವರದಿಗೆ ಇನ್ನೂ ಸಹಿ ಹಾಕದ ತಮ್ಮ ವಿದ್ಯಾರ್ಥಿನಿ,
ಮಹೀನ್