ಮೂವತ್ತೆಂಟು ಹೆಸರುಗಳ ಕರಡು

ಮಾರ್ಚ್ ೧೧, ಮಂಗಳವಾರ

ಪ್ರಿಯ ಮೊಳೆರಾಯ,

ನಿನ್ನ ಎರಡು ಪತ್ರಗಳೂ ತಲುಪಿವೆ. ಮೊದಲನೆಯದಕ್ಕೆ ಉತ್ತರ ಬರೆಯುವಷ್ಟರಲ್ಲಿ ಎರಡನೆಯದು ಬಂತು. ಅದನ್ನು ನೋಡಿ ನಾಚಿಕೆಯಾಗಿ ಇನ್ನೂ ಒಂದು ತಿಂಗಳು ತಡವಾಯಿತು. ಬೈಯುವುದಿದ್ದರೆ ಬೈದುಬಿಡು. ಪ್ರೆಸ್ಸಿನಲ್ಲಿ ನೀನು ಅಚ್ಚಿನ ಮೊಳೆ ಜೋಡಿಸುತ್ತ, ನಾನು ಕರಡು ತಿದ್ದುತ್ತ ಇಪ್ಪತ್ತಾರು ವರ್ಷ ಬೈದಾಡಿಕೊಂಡೇ ಬದುಕಿದವರಲ್ಲವೇ? ಮಂಡಿನೋವು ಈಗ ಹೇಗಿದೆ?

ನನ್ನ ಸುದ್ದಿ ಕೇಳಿದರೆ ನಗುತ್ತೀಯ. ಈ ಅರವತ್ತಮೂರರಲ್ಲಿ ಜಪಾನಿ ಹೆಸರು ಹೇಳುವುದನ್ನು ಕಲಿಯುತ್ತಿದ್ದೇನೆ. ಮಗಳು ಆಡುವ ವಿಡಿಯೋ ಗೇಮಿನಲ್ಲಿ ಮೂವತ್ತೆಂಟು ಪಾತ್ರಗಳಿವೆ. ಒಬ್ಬರೂ ಬಾಯಿಬಿಟ್ಟು ಮಾತಾಡುವುದಿಲ್ಲ; ಮಾತೆಲ್ಲ ಟಿವಿ ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ಅದನ್ನು ಓದಲು ಅವಳಿಗೀಗ ಆಗುವುದಿಲ್ಲ. ಎಡಗಣ್ಣು ಹೋಗಿದೆ. ಬಲಗಣ್ಣಿನಲ್ಲಿ ಉಳಿದಿರುವುದು ಬಳೆಯೊಳಗಿಂದ ಇಣುಕಿದಷ್ಟು. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಅವಳು ಗುಂಡಿ ಒತ್ತುತ್ತಾಳೆ, ನಾನು ಪಕ್ಕದಲ್ಲಿ ಕೂತು ಓದುತ್ತೇನೆ. ಒಂದು ಕಾಲಕ್ಕೆ ಇದೇ ಆಟದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದವನು ನಾನು.

ಮೊದಲ ದಿನವೇ ಮಂಗಳಾರತಿಯಾಯಿತು. ಕತ್ತಿ ಹಿಡಿದು ಕೋಟೆ ಕಾಯುವ ಮುದುಕನೊಬ್ಬನನ್ನು "ಟಿಸುಗಿಮೋರಿ" ಎಂದು ಓದಿದೆ. ಕಾಲೇಜಿನಲ್ಲಿ ಅಷ್ಟಿಷ್ಟು ಜಪಾನಿ ಕಲಿತವಳು, ಬಿಡುತ್ತಾಳೆಯೇ?

"ಮೋರಿ ಅಲ್ಲಪ್ಪಾ, ಮೊರಿ. ಪಾಪ, ಅವನನ್ನ ಚರಂಡಿ ಮಾಡ್ಬಿಟ್ಟೆ. ಆ ಟಿ ಬೇರೆ ಬಿಡು. ಉತ್ಸಾಹ ಅಂತೀಯಲ್ಲ, ಅದರಲ್ಲಿರೋ ತ್ಸ. ಅದಕ್ಕೆ ಕೊಂಬು ಕೊಡು. ತ್ಸುಗಿಮೊರಿ."

ಕೊಂಬು ಕೊಡುವುದನ್ನು ನನಗೆ ಹೇಳಿಕೊಡುತ್ತಾಳೆ! ಪ್ರೆಸ್ಸಿನಲ್ಲಿ ಯಾರಾದರೂ ಹೀಗಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ, ನೀನೇ ಹೇಳು.

ಆಮೇಲೆ ಇಬ್ಬರು ಬಂದರು, ಇಂಗ್ಲಿಷಿನಲ್ಲಿ ಇಬ್ಬರದೂ ಒಂದೇ ಸ್ಪೆಲಿಂಗು. ಒಬ್ಬ ಒಕಾ, ಹಾಗೆಂದರೆ ಗುಡ್ಡವಂತೆ. ಇನ್ನೊಬ್ಬಳು ಓಕಾ, ದೋಣಿ ನಡೆಸುವ ಹುಡುಗಿ. ಅದು ಚೆರಿ ಹೂವಂತೆ. ನಮ್ಮ ಲಿಪಿಯಲ್ಲಿ ಹ್ರಸ್ವ ದೀರ್ಘ ಎರಡೂ ಇದ್ದುದರಿಂದ ಬಚಾವಾದೆ. ಹಳೆಯ ಕರಡು ಹಾಳೆಗಳ ಬೆನ್ನಿಗೆ ಮೂವತ್ತೆಂಟು ಹೆಸರನ್ನೂ ಬರೆದೆ, ಅವಳು ಒಂದೊಂದಾಗಿ ಹೇಳಿ ತಿದ್ದಿಸಿದಳು. ಕೆಂಪು ಪೆನ್ನು ನನ್ನದೇ, ತಪ್ಪುಗಳೂ ನನ್ನವೇ.

"ಇಷ್ಟು ಕಟ್ಟುನಿಟ್ಟು ಯಾಕಮ್ಮಾ? ಅವರೇನು ಬಂದು ಕೇಳ್ತಾರಾ?" ಎಂದೆ ಒಂದು ದಿನ.

"ಈಗ ಬಣ್ಣ ನೋಡಿ ಯಾರು ಅಂತ ಅಂದಾಜು ಮಾಡ್ತೀನಿ. ಅದೂ ಹೋದ್ಮೇಲೆ ನಿನ್ನ ಬಾಯಲ್ಲಿ ಹೆಸರು ಕೇಳಿಯೇ ಗೊತ್ತಾಗ್ಬೇಕು ತಾನೆ? ಗುಡ್ಡನ ಹೂವು ಮಾಡಿದ್ರೆ ನಾನೇನು ಮಾಡ್ಲಿ?"

ಅವತ್ತು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನೀನು ಬರೆದಿದ್ದ ದೊಡ್ಡ ಆಸ್ಪತ್ರೆಗೂ ಹೋಗಿಬಂದೆವು. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದುಹಾಕಿದೆ, ಹೋದ ನೋಟ ಬರುವುದಿಲ್ಲ, ಉಳಿದದ್ದು ಈ ವರ್ಷ ದಾಟುವುದೂ ಅನುಮಾನ ಎಂದರು. ಇಪ್ಪತ್ತೊಂದು ವಯಸ್ಸು, ಮೊಳೆರಾಯ. ಹೋದ ತಿಂಗಳು ಕಾಲೇಜು ಬಿಟ್ಟಳು. ಇವಳ ಅಮ್ಮ ಇದನ್ನು ನೋಡದೆ ಹೋದಳಲ್ಲ ಎಂದು ಮೊದಲ ಸಲ ಸಮಾಧಾನಪಟ್ಟುಕೊಂಡೆ.

ಆಟದ ಕೊನೆಗೆ ಓಕಾಳ ದೋಣಿ ಸಮುದ್ರ ಸೇರುತ್ತದಂತೆ. ಅದೊಂದನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದಿದ್ದಳು. ನಾನು ಓದುವುದು ಆಮೆ ನಡಿಗೆ; ಇನ್ನೂ ಅರ್ಧ ಆಟ ಬಾಕಿಯಿದೆ. ಬೇಗ ಓದಲು ಹೋದರೆ ಹೆಸರು ತಪ್ಪುತ್ತದೆ, ತಪ್ಪಿದರೆ ನಿಲ್ಲಿಸಿ ತಿದ್ದುತ್ತಾಳೆ. ನಿನ್ನೆ ಮಾತ್ರ ಗುಂಡಿಯ ಪೆಟ್ಟಿಗೆಯನ್ನು ನನ್ನ ಮಡಿಲಿಗಿಟ್ಟು, "ಇನ್ಮೇಲೆ ನೀನೇ ಆಡಪ್ಪಾ, ನಾನು ಕೇಳಿಸ್ಕೋತೀನಿ. ಸಮುದ್ರ ಬಂದಾಗ ಹೇಳು," ಎಂದಳು. ಬಳೆಯಷ್ಟಿದ್ದದ್ದು ಈಗ ಉಂಗುರದಷ್ಟಾಗಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಇನ್ನು ಯಾವ ಡಾಕ್ಟರ ವಿಳಾಸವನ್ನೂ ಕಳಿಸಬೇಡ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮನೆಯಾಕೆಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೊಮ್ಮಕ್ಕಳು ನೂರು ಕಾಲ ಕಣ್ಣು ಕೈಕಾಲು ಗಟ್ಟಿಯಾಗಿ ಬಾಳಲಿ.

ನಿನ್ನ,
ಕೊಂಬುರಾಯ

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಒಂದೂವರೆ ವರ್ಷದ ಹಿಂದೆ ಅವಳು ನನ್ನ ಮೇಜಿನ ಹತ್ತಿರ ಬಂದು, "ಅಪ್ಪಾ, ಪಕ್ಕದ್ದೇನೂ ಕಾಣಿಸ್ತಿಲ್ಲ, ನಡೀವಾಗ ಭುಜ ಬಾಗಿಲಿಗೆ ಹೊಡೀತಿದೆ," ಎಂದಿದ್ದಳು. ನಾನು ತಲೆಯೆತ್ತದೆ, "ಆ ಆಟ ಬಿಡು, ಎಲ್ಲ ಸರಿಹೋಗುತ್ತೆ," ಎಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಅವಳು ನಂಬಿದಳು. ಆಮೇಲೆ ಎರಡು ಸಲ ಹೇಳಿದಾಗಲೂ ಅದನ್ನೇ ಅಂದೆ. ಕೊನೆಗೆ ಮೊದಲ ಸಲ ಕಣ್ಣು ತೋರಿಸಲು ಕರೆದೊಯ್ದಾಗ ಡಾಕ್ಟರು, "ಆಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೊದಲೇ ಬಂದಿದ್ರೆ ಹನಿ ಔಷಧದಲ್ಲೇ ತಡೀಬಹುದಿತ್ತು. ಯಾವಾಗಿಂದ ಹೀಗೆ?" ಎಂದು ಕೇಳಿದರು. "ಎರಡು ತಿಂಗಳಿಂದ ಡಾಕ್ಟರ್. ಮನೇಲಿ ಹೇಳಿರ್ಲಿಲ್ಲ, ನಂದೇ ತಪ್ಪು," ಎಂದಳು. ಒಂದು ದೀರ್ಘ ತಪ್ಪಿದರೂ ಬಿಡದವಳು. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ, ಮೊಳೆರಾಯ. ತಿದ್ದಲಿಲ್ಲ.