ತಲೆಯ ಮೇಲಿನ ಬರಿ ಗಡಿಗೆ

ಏಪ್ರಿಲ್ 1, ಮಂಗಳವಾರ. ಮಧ್ಯಾಹ್ನ 3
ಗೋಡೆಯ ಥರ್ಮಾಮೀಟರು ಮೂವತ್ತೇಳು. ಇವರ ಬೆನ್ನು ಮೂರನೆಯ ಸಲ ಒರೆಸಿದೆ. ಪಾರ್ಶ್ವವಾಯು ಹೊಡೆದು, ನೆಹರು ನಗರದ ಆಸ್ಪತ್ರೆಯಿಂದ ಮನೆಗೆ ಬಂದು ಒಂದು ತಿಂಗಳು. ಮಾತಿಲ್ಲ. ಎಡಗೈ ಒಂದೇ ಆಡುತ್ತದೆ. ಎ.ಸಿ. ಹಾಕಿದರೆ ಬಲಗೈ ಸೆಟೆದು ನರಳುತ್ತಾರೆ. ಫ್ಯಾನು ಸ್ಲ್ಯಾಬಿನ ಕಾವನ್ನೇ ಕೆಳಗೆ ತಳ್ಳುತ್ತದೆ.
ಇವರ ತಂಗಿ ಚಂಪಾಬಾಯಿ ಖಾನಾಪುರದಿಂದ ಫೋನ್ ಮಾಡಿದಳು. "ವೈನಿ, ನಮ್ಮದು ಹಂಚಿನ ಮನಿ, ತಂಪ ಐತಿ. ಹದಿಮೂರಕ್ಕ ಐತವಾರ ಗಾಡಿ ತಗೊಂಡು ಬರ್ತೀನಿ. ಅಣ್ಣನ್ನ ಕಳಸ್ರಿ."
ನಲವತ್ತೆಂಟು ವರ್ಷ ಸಂಸಾರ ಮಾಡಿದವಳು ನಾನು. ಗಂಡನನ್ನು ಇನ್ನೊಬ್ಬರ ಮನೆಯಲ್ಲಿ ಮಲಗಿಸುವುದೇ?
ಈ ಹಿಂದವಾಡಿ ಮನೆಗೂ ಹಂಚಿತ್ತು. ತೆಗೆಸಿ ಸ್ಲ್ಯಾಬ್ ಹಾಕಿಸಿದ್ದು ನಾನು. ಇವರು ಬೇಡ ಎಂದಿದ್ದರು... ಅದನ್ನು ಬರೆಯುವುದು ಬೇಡ.

ಏಪ್ರಿಲ್ 3
ಸ್ಲ್ಯಾಬಿನ ಕಾವಿಗೆ ಉಪಾಯ ಕೇಳಲು ಗಾರೆ ಕೆಲಸದ ಗೌಂಡಿ ಭರಮಣ್ಣನನ್ನು ಕರೆಸಿದ್ದೆ. ತಾರಸಿಯ ತುಂಬ ಮಣ್ಣಿನ ಗಡಿಗೆ ಬೋರಲು ಹಾಕಿ, ಮೇಲೆ ಸುಣ್ಣದ ಗಾರೆ ಹೊಡೆಯಬೇಕಂತೆ.
"ಒಳಗ ಏನ್ ತುಂಬ್ತಿ?"
"ಏನೂ ಇಲ್ರಿ ಅವ್ವಾರ. ಬರೇ ಗಾಳಿ."
"ಗಾಳಿಗೆ ಗಡಿಗಿ ಯಾಕೋ? ಊರ ತುಂಬ ಐತಲ್ಲ."
"ಊರಾನ ಗಾಳಿ ಅಡ್ಯಾಡ್ತೈತ್ರಿ, ಬಿಸಿ ಹೊತ್ಕೊಂಡು ಬರ್ತೈತಿ. ಗಡಿಗ್ಯಾಗಿಂದು ಕುಂತಲ್ಲೇ ಕುಂತಿರ್ತೈತಿ. ಬಿಸಿ ದಾಟಾಕ ಬಿಡಂಗಿಲ್ಲ."
ಸರಿ ಎಂದೆ. ಖಾನಾಪುರದಿಂದ ಗಡಿಗೆ ತರಿಸಲು ಹೇಳಿದೆ.

ಏಪ್ರಿಲ್ 6
ಗಡಿಗೆ ಬಂದವು. ನೋಡಿದ ಮೇಲೆ ಹೊಳೆಯಿತು. ಹಾಸಿಗೆ ಹಿಡಿದ ಮನುಷ್ಯನ ತಲೆಯ ಮೇಲೆ ಬರಿ ಗಡಿಗೆ, ಅದೂ ಬೋರಲು! ಖಾಲಿ ಕೊಡ ಎದುರಾದರೆ ಹೊರಟ ಕೆಲಸ ಬಿಟ್ಟು ತಿರುಗಿ ಬರುವವರು ನಾವು.
"ಬಾಯಿ ಮ್ಯಾಲೆ ಮಾಡಿ ಉಸುಕು ತುಂಬು."
"ಹಂಗ ಮಾಡಿದ್ರ ಕೆಲಸ ಕೆಡ್ತೈತ್ರಿ."
"ನಿನ್ನ ಕೇಳಿಲ್ಲ."
ಸೊಸೆ ತ್ರಿಶಲಾ ಸುಮ್ಮನಿರಬೇಕಲ್ಲ. "ಅತ್ತ್ಯಾರ, ಥರ್ಮಾಸಿನ ಎರಡೂ ಗ್ವಾಡಿ ನಡುವ ಉಸುಕು ತುಂಬಿದ್ರ ಚಹಾ ಬಿಸಿ ಉಳೀತೈತೇನ್ರಿ?"
"ಥರ್ಮಾಸನ್ನ ಯಾರೂ ಹೆಣದ ಮುಂದ ಒಡ್ಯಾಂಗಿಲ್ಲವ್ವ."
ಭರಮಣ್ಣ ಉಸುಕು ತುಂಬತೊಡಗಿದ.

ಏಪ್ರಿಲ್ 8. ಸಂಜೆ 7.30
ಬಿಸಿಲಿಳಿದು ತಾಸಾಯಿತು. ಕೋಣೆ ಮೂವತ್ತೆಂಟು! ಮೊದಲು ಸಂಜೆಗಾದರೂ ಇಳಿಯುತ್ತಿತ್ತು. ಉಸುಕು ಹಗಲೆಲ್ಲ ಬಿಸಿಲು ಕುಡಿದು ಈಗ ಕಾರುತ್ತಿದೆ. ಗಾರೆ ಇನ್ನೂ ಹೊಡೆದಿಲ್ಲ, ಅದಕ್ಕೇ ಹೀಗೆ -- ಎಲ್ಲರಿಗೂ ಹಾಗೆಂದೇ ಹೇಳಿದೆ.
ಇವರ ಹಟ ಬೇರೆ. ಊಟಕ್ಕೆಂದು ಬಾಗಿಲ ಬದಿಯ ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸುತ್ತೇವೆ. ಊಟವಾದರೂ ಏಳಲೊಲ್ಲರು. ಮಂಚ ಅಲ್ಲಿಗೇ ತನ್ನಿ ಎಂದು ಎಡಗೈ ಬೀಸುತ್ತಾರೆ. ಅಲ್ಲೇನಿದೆ? ಕಿಟಕಿ ಕೂಡ ಇಲ್ಲ. ಗದರಿದೆ. ಮುಖ ತಿರುಗಿಸಿದರು.

ಏಪ್ರಿಲ್ 10, ಮಹಾವೀರ ಜಯಂತಿ
ಬಸದಿಗೆ ಹೋಗಲಿಲ್ಲ. ಇವರ ಮೈಯೆಲ್ಲ ಬೆವರುಸಾಲೆ. ತ್ರಿಶಲಾ ಅವರ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಾಳೆ, ನನ್ನನ್ನು ಕೇಳದೆ. ನಾನೂ ಬೇಡ ಎನ್ನಲಿಲ್ಲ.

ಏಪ್ರಿಲ್ 12, ಶನಿವಾರ. ಸಂಜೆ 6
ಮತ್ತೆ ಅದೇ ಮೂಲೆ, ಅದೇ ಕೈ. ಸಿಟ್ಟು ಬಂತು. ಕೋಣೆಯೊಳಗೇ ಏಣಿ ಹಾಕಿಸಿ ಹತ್ತಿದೆ, ಅರವತ್ತೊಂಬತ್ತರ ಮೊಣಕಾಲಲ್ಲಿ. ಮಂಚದ ಮೇಲಿನ ಸ್ಲ್ಯಾಬಿಗೆ ಅಂಗೈ ಇಟ್ಟೆ -- ಕಾದ ರೊಟ್ಟಿಹಂಚು. ಏಣಿಯನ್ನು ಮೂಲೆಗೆ ಎಳೆಸಿದೆ. ಇಟ್ಟೆ. ತೆಗೆದೆ. ಮತ್ತೆ ಇಟ್ಟೆ. ಕೈ ನಿಲ್ಲುತ್ತದೆ.
ತಾರಸಿಗೆ ಹೋದೆ. ಆ ಮೂಲೆಯಲ್ಲಿ ಮಾತ್ರ ಒಂದಿಪ್ಪತ್ತು ಗಡಿಗೆ ಬೋರಲು! ಭರಮಣ್ಣನಿಗೆ ಫೋನ್ ಮಾಡಿ ಬೈದೆ.
"ಉಸುಕು ತೀರಿತ್ರಿ ಅವ್ವಾರ. ಮತ್ತ ಕೇಳಿದ್ರ ಬೈತೀರಿ ಅಂತ..."
"ಈಗ ಬೈದಿಲ್ಲೇನು?"
"ಬೈದ್ರಿ."
"ಹಂಗಾರ ಮುಂಜಾನಿ ಬಾ. ಎಲ್ಲಾ ಖಾಲಿ ಮಾಡು."
ಉಸುಕಿನ ಹರಳು ಹರಳಿಗೆ ತಾಗಿಕೊಂಡು ಬಿಸಿಯನ್ನು ಕೈಯಿಂದ ಕೈಗೆ ದಾಟಿಸುತ್ತದೆ. ಬರಿ ಗಡಿಗೆಯಲ್ಲಿ ದಾಟಿಸಲು ಕೈಯೇ ಇಲ್ಲ. ಇಷ್ಟೇ. ಇವರು ನಾಲ್ಕು ದಿನದಿಂದ ಹೇಳುತ್ತಿದ್ದರು. ನಾನು ಗದರುತ್ತಿದ್ದೆ.
ಮಂಚ ಸರಿಸಿದೆವು.

ಏಪ್ರಿಲ್ 13, ಐತವಾರ. ಬೆಳಿಗ್ಗೆ 9
ತಾರಸಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಭರಮಣ್ಣ ಉಸುಕು ತೆಗೆಯುತ್ತಿದ್ದಾನೆ. ಇವರ ಹಳೆಯ ಜಾಗದ ನೇರಕ್ಕಿದ್ದ ಗಡಿಗೆ ಮಾತ್ರ ಮುಟ್ಟಲಿಲ್ಲ. "ಇದನ್ನ ನೀವ ಮಾಡ್ರಿ, ಆಮ್ಯಾಲೆ ನನ್ನ ಮ್ಯಾಲೆ ಅಪವಾದ ಬರೂದು ಬ್ಯಾಡ" ಎಂದ. ಸುರಿದೆ. ಒಳಗೆ ನೋಡಿದೆ. ಏನೂ ಇಲ್ಲ. ಪಂಚನಮಸ್ಕಾರ ಮಂತ್ರ ಹೇಳಿಕೊಂಡು ಬೋರಲು ಹಾಕಿದೆ.
ಗೇಟಿನಲ್ಲಿ ಗಾಡಿ. "ವೈನೀ, ಅಣ್ಣ ತಯಾರ ಅದಾನೇನ್ರಿ?" ಚಂಪಾಬಾಯಿ. ತ್ರಿಶಲಾ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಾಳೆ.
ಗಾರೆ ಹೊಡೆದು ಒಣಗಲು ಎಂಟು ದಿನ. ಅಲ್ಲಿಯವರೆಗೆ ಇವರು ಆ ತಂಪು ಮೂಲೆಯಲ್ಲೇ ಇರಲಿ, ಕರೆದೊಯ್ಯಬೇಡ ಎಂದು ಚಂಪಾಬಾಯಿಯನ್ನು ಕೇಳಬೇಕು. ಈ ಮನೆಯಲ್ಲಿ ಯಾರನ್ನೂ ಏನೂ ಕೇಳಿದವಳಲ್ಲ ನಾನು. ಹೇಗೆ ಶುರು ಮಾಡುವುದು... ಚಂಪಾ, ಸ್ಲ್ಯಾಬ್ ಬೇಡ ಅಂತ ನಿಮ್ಮಣ್ಣ ಆಗಲೇ ಅಂದಿದ್ರು, ನಾನೇ --
ಮತ್ತೆ ಕೂಗಿದಳು. ಇಳಿದು ಹೋಗಿ ಕೇಳಿಬಿಡುತ್ತೇನೆ.