ತವರಿನ ಹಸು

ಬಿ.ದುರ್ಗದ ಕೊಟ್ರಮ್ಮನಿಗೆ ಹೊಸದುರ್ಗದಿಂದ ಮರುಳಸಿದ್ದಮ್ಮನ ಆಶೀರ್ವಾದ.

ಸವತಿಯನ್ನು ತಂಗಿ ಎಂದು ಬರೆಯುವುದು ರೂಢಿ. ನನಗೆ ಕೈ ಏಳಲಿಲ್ಲ.

ಹವೆ ಬದಲಾಗಲೆಂದು ಯಜಮಾನರು ನನ್ನ ಮಗ ಕಲ್ಲೇಶಿಯನ್ನು ನಿನ್ನ ಮನೆಗೆ ಕರೆದೊಯ್ದು ತಿಂಗಳಾಯಿತು. ಇಲ್ಲಿ ಕುಡಿದ ಹಾಲನ್ನೆಲ್ಲ ಕಕ್ಕುತ್ತಿದ್ದ, ಭೇದಿಯಲ್ಲಿ ರಕ್ತ ಕಾಣುತ್ತಿತ್ತು. ನಿನ್ನ ಕಣ್ಣು ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ, ಇನ್ನೊಂದು ಲೋಟ ಹಾಲು ಕುಡಿಸುತ್ತಿದ್ದೆ. ತವರಿನವರು ಬಳುವಳಿ ಕೊಟ್ಟ ಹಸುವಿನ ಹಾಲೇ ಮಗುವಿಗೆ ಆಗುವುದಿಲ್ಲವೆಂದರೆ ಯಾರು ನಂಬುತ್ತಾರೆ?

ನಿನ್ನೆ ಯಜಮಾನರು ಬಂದು, "ಅಲ್ಲಿ ಹಾಲೂ ಇಲ್ಲ, ಮಜ್ಜಿಗೇನೂ ಇಲ್ಲ. ಬರೀ ರಾಗಿ ಅಂಬ್ಲಿ ಕುಡ್ದು ಗುಂಡ್ಕಲ್ಲಂಗೆ ಆಗ್ಯಾನೆ. ಕೊಟ್ರಿ ಸೆರಗು ಹಿಡ್ಕಂಡೇ ಇರ್ತಾನೆ," ಎಂದು ನಕ್ಕರು. ನಿನ್ನನ್ನು ಅವರು ಕೊಟ್ರಿ ಎನ್ನುತ್ತಾರೆಂದು ನನಗೆ ತಿಳಿದದ್ದು ಆಗಲೇ.

ಅಂಬಲಿಗೆ ಏನೇನು ಹಾಕುತ್ತೀ ಎಂದು ಹೇಳಿ ಕಳಿಸು. ಅವನು ಅವ್ವ ಎಂದು ಕರೆದರೆ ಓಗೊಡಬೇಡ. ಚಿಗವ್ವ ಎನ್ನಲು ಕಲಿಸು.

ಹಸುವನ್ನು ಈ ಬೆಳಿಗ್ಗೆ ಕರುವಿನ ಸಮೇತ ಮಠಕ್ಕೆ ಕೊಟ್ಟು ಬಂದೆ. ತಾಯಿಯಿಂದ ಕೂಸನ್ನು ಅಗಲಿಸಬಾರದಲ್ಲ. ಈಗ ನನ್ನ ಮನೆಯಲ್ಲೂ ಹಾಲಿಲ್ಲ. ಮಗನನ್ನು ಕಳಿಸು.

ಇತಿ,
ಕಲ್ಲೇಶಿಯ ಅವ್ವ